ಹೊಳೆಯಿಂದ ಹಿನ್ನೀರಿಗೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮೀನುಗಾರಿಕೆ

ಭದ್ರಾ ಜಲಾಶಯದ ಹಿನ್ನೀರಿನಲ್ಲಿ, ಎಂದರೆ ಅಣೆಕಟ್ಟಿನ ಹಿಂದೆ ತುಂಬಿ ಕಣಿವೆಗಳೊಳಕ್ಕೆ ಹರಡಿಕೊಂಡ ನೀರಿನಲ್ಲಿ, ತೆಪ್ಪದ ಮೇಲೆ ಕುಳಿತು ಬಲೆ ಬಿಡುವ ಮೀನುಗಾರನು ನರಸಿಂಹರಾಜಪುರ ತಾಲ್ಲೂಕಿಗೆ ಎಷ್ಟು ಸಹಜವಾಗಿ ಹೊಂದಿಕೊಂಡಿದ್ದಾನೆಂದರೆ, ಈ ಕಸುಬು ಇಲ್ಲಿ ತಲತಲಾಂತರದಿಂದ ನಡೆದುಬಂದಿರಬೇಕೆಂದೇ ನೋಡಿದವರು ಭಾವಿಸುತ್ತಾರೆ. ವಾಸ್ತವದಲ್ಲಿ ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ದೋಣಿಯೂ ಪುರಾತನ, ಮೀನು ಹಿಡಿಯುವುದೂ ಪುರಾತನ. ಆದರೆ ಇವೆರಡೂ ಒಂದನ್ನೊಂದು ಕೂಡಿಕೊಂಡು ಜೀವನೋಪಾಯವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಹಿಂದೆ ದೋಣಿಯು ಮುಖ್ಯವಾಗಿ ಕಡವಿಗೆ, ಎಂದರೆ ಹೊಳೆ ದಾಟಿಸುವ ಜಾಗಕ್ಕೆ, ಸೇರಿದ್ದಾಗಿತ್ತು. ಮೀನು ಹಿಡಿಯುವವನು ದಡದಲ್ಲಿ, ಬಂಡೆಯ ಮೇಲೆ, ಇಲ್ಲವೇ ಮೊಣಕಾಲುದ್ದ ನೀರಿನ ಗದ್ದೆಯಲ್ಲಿ ನಿಂತಿರುತ್ತಿದ್ದನು.

ಇದಕ್ಕೆ ನೆಲದ ರಚನೆಯೇ ಕಾರಣವಾಗಿತ್ತು. ತುಂಗಾ ಮತ್ತು ಭದ್ರಾ ನದಿಗಳೆರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ತುಂಗೆಯು ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದು ತೀರ್ಥಹಳ್ಳಿಯತ್ತ ಸಾಗಿದರೆ, ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಬಳಸಿ ಲಕ್ಕವಳ್ಳಿಯ ಕಡೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಕೆಂಪು ನೀರಿನ ರಭಸಕ್ಕೆ ಯಾವ ದೋಣಿಯೂ ನಿಲ್ಲದ, ಬೇಸಗೆಯಲ್ಲಿ ಬಂಡೆಗಳ ನಡುವೆ ಗುಂಡಿಗಳ ಸರಮಾಲೆಯಾಗಿ ಒಡೆದುಹೋಗುವ ಇಂಥ ಹೊಳೆಗಳಲ್ಲಿ ದೋಣಿಯಿಂದ ಬಲೆ ಬಿಡುವುದಕ್ಕೆ ಅನುಕೂಲವಾದ ಜಾಗಗಳು ಕಡಿಮೆ. ಪಶ್ಚಿಮಘಟ್ಟದ ಈ ಮಗ್ಗುಲಿಗೆ ವಿಸ್ತಾರವಾದ ನಿಂತ ನೀರನ್ನು ಪ್ರಕೃತಿ ಕೊಟ್ಟಿರಲಿಲ್ಲ, ಮನುಷ್ಯನೇ ಅದನ್ನು ಕಟ್ಟಿಕೊಳ್ಳಬೇಕಾಯಿತು.

ಹಳೆಯ ಕ್ರಮಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಒಳಗೊಂಡದ್ದು ಹತ್ತುಮೀನಿನ ಬೇಟೆ. ಮುಂಗಾರಿನ ಮೊದಲ ದೊಡ್ಡ ಮಳೆಗಳು ಸುರಿದು ಹಳ್ಳಕೊಳ್ಳಗಳು ಹೊಳೆಗೆ ಕೂಡಿಕೊಳ್ಳುತ್ತಲೇ, ಬಸುರಿ ಮೀನುಗಳು ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆ ಎದುರಾಗಿ ಏರುತ್ತ, ಹಳ್ಳಗಳಿಂದ ತೋಡುಗಳಿಗೆ, ತೋಡುಗಳಿಂದ ಗದ್ದೆಯ ತೆಳುನೀರಿಗೆ ಬರುತ್ತವೆ. ಹೀಗೆ ಮೇಲಕ್ಕೆ ಹತ್ತಿ ಬರುವುದರಿಂದ ಇವುಗಳಿಗೆ ಹತ್ತುಮೀನು ಎನ್ನುತ್ತಾರೆ. ಸುರಿಮಳೆಯ ರಾತ್ರಿಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ದೊಂದಿಯನ್ನೂ ಇನ್ನೊಂದರಲ್ಲಿ ಕತ್ತಿಯನ್ನೂ ಹಿಡಿದು ಊರಿನ ಗಂಡಸರೂ ಹುಡುಗರೂ ಗದ್ದೆಬಯಲಿಗಿಳಿದು ಮೀನು ಕಡಿಯುವುದು ಮಲೆನಾಡಿನ ವರ್ಷಚಕ್ರದ ಒಂದು ಭಾಗವೇ ಆಗಿತ್ತು. ಇದರ ಜೊತೆಗೆ ಕೂಣಿಯೆಂಬ ಸಾಧನವಿತ್ತು: ಬಿದಿರಿನ ಸೀಳುಗಳನ್ನು ಬಳ್ಳಿಯಿಂದ ಹೆಣೆದು, ಬಾಯಿ ಅಗಲವಾಗಿ ಬುಡ ಕಿರಿದಾಗಿ ಬರುವಂತೆ ಮಾಡಿ, ಒಳಹೊಕ್ಕ ಮೀನು ಹಿಂದಿರುಗದಂತೆ ಬಾಯಿಯೊಳಗೆ ಒಳಮುಖವಾದ ಕಡ್ಡಿಗಳ ನಾಲಗೆಯನ್ನಿಟ್ಟು, ಗದ್ದೆಯ ಅಂಚಿನಲ್ಲಿ ನೀರು ಧುಮುಕುವ ಕಂಡಿಗೆ ಅದನ್ನು ಒಡ್ಡಲಾಗುತ್ತಿತ್ತು. ಈ ಬೇಟೆಗೆ ದೋಣಿ ಬೇಕಿರಲಿಲ್ಲ, ಮೀನುಗಾರ ಜಾತಿಯವನೇ ಆಗಬೇಕೆಂಬುದೂ ಇರಲಿಲ್ಲ. ಒಕ್ಕಲಿಗರ ಮನೆಯವರು, ಗದ್ದೆಗೆಲಸದ ಆಳುಗಳು ಎಲ್ಲರೂ ಇದರಲ್ಲಿ ಪಾಲುಗೊಳ್ಳುತ್ತಿದ್ದರು. ಮೊಟ್ಟೆ ತುಂಬಿದ ತಾಯಿಮೀನನ್ನೇ ಕೊಲ್ಲುವ ಈ ಪದ್ಧತಿಯನ್ನು ಇಂದಿನ ಕಣ್ಣಿನಿಂದ ಸಮರ್ಥಿಸುವುದು ಕಷ್ಟ. ಆದರೂ ಅದು ವರ್ಷದಲ್ಲಿ ಕೆಲವೇ ರಾತ್ರಿಗಳಿಗೆ ಸೀಮಿತವಾಗಿತ್ತೆಂಬುದನ್ನೂ, ತಪ್ಪಿಸಿಕೊಂಡ ಮೀನುಗಳ ಮರಿಗಳಿಗೆ ರಾಸಾಯನಿಕ ಕಾಣದ ಗದ್ದೆಗಳೇ ತೊಟ್ಟಿಲಾಗಿದ್ದವೆಂಬುದನ್ನೂ ಮರೆಯಬಾರದು.

ನೀರು ಇಳಿದ ಬೇಸಗೆಯಲ್ಲಿ ಗಮನ ಗುಂಡಿಗಳತ್ತ ತಿರುಗುತ್ತಿತ್ತು. ಬೀಸುಬಲೆ, ಗಾಳ, ಕಲ್ಲುಸಂದಿಗಳಲ್ಲಿ ಏಡಿ ಹುಡುಕುವುದು ನಿತ್ಯದ ರೂಢಿಗಳಾಗಿದ್ದರೆ, ಕಾರೆಕಾಯಿಯನ್ನು ಜಜ್ಜಿ ನೀರಿಗೆ ಕದಡಿ, ಅಮಲೇರಿ ತೇಲಿದ ಮೀನುಗಳನ್ನು ಬಾಚಿಕೊಳ್ಳುವ ನಂಜು ಹಾಕುವ ಕ್ರಮವೂ ಇತ್ತು. ಬಂಡೆ ಒಡೆಯುವ ಸಿಡಿಮದ್ದು ಕೈಗೆ ಸಿಗುವಂತಾದ ಮೇಲೆ ತೋಟೆ ಹಾಕುವ ಕ್ರೌರ್ಯವೂ ಸೇರಿಕೊಂಡಿತು. ತೋಟೆಯೆಂದರೆ ಬತ್ತಿ ಹಚ್ಚಿ ಗುಂಡಿಗೆಸೆಯುವ ಸ್ಫೋಟಕವಾಗಿದ್ದು, ಅದು ಹಿಡಿಯಬೇಕಾದ ಮೀನನ್ನಷ್ಟೇ ಅಲ್ಲದೆ ಗುಂಡಿಯ ಮರಿಗಳನ್ನೂ ಒಟ್ಟಿಗೇ ಕೊಲ್ಲುತ್ತದೆ. ಇಂಥ ನಾಶವು ದೇಶದಾದ್ಯಂತ ನಡೆಯುತ್ತಿತ್ತು. ಫ್ರಾನ್ಸಿಸ್ ಡೇ ಎಂಬ ಸೇನಾವೈದ್ಯ ಮತ್ತು ಮತ್ಸ್ಯವಿಜ್ಞಾನಿಯು 1873ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಿಹಿನೀರಿನ ಮೀನುಗಳ ಅವನತಿಯನ್ನು ವಿವರವಾಗಿ ದಾಖಲಿಸಿದನು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಸ್ಫೋಟಕವನ್ನೂ ವಿಷವನ್ನೂ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. ಕಡೂರು ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯನ್ನು ಒಳಗೊಂಡ ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ನಿಬಂಧನೆಯನ್ನು ಜಾರಿಗೆ ತಂದಿತು. ಕಾಡಿನ ನಡುವಿನ ಗುಂಡಿಗಳಿಗೆ ಕಾಯಿದೆಯ ಕೈ ಎಷ್ಟು ತಲುಪೀತು ಎಂಬುದು ಊಹಿಸಲು ಕಷ್ಟವಾದ ವಿಷಯವಲ್ಲ.

ಕಾಯಿದೆಗಿಂತ ಬಲವಾದ ಕಾವಲು ಶೃಂಗೇರಿಯಲ್ಲಿತ್ತು. ಶಾರದಾಂಬೆಯ ಗುಡಿ ಮತ್ತು ವಿದ್ಯಾಶಂಕರ ದೇವಾಲಯಗಳ ಬದಿಯಲ್ಲಿ ತುಂಗೆಗೆ ಇಳಿಯುವ ಸೋಪಾನದ ಬಳಿ ಮೀನು ಹಿಡಿಯುವುದು ನಿಷಿದ್ಧವಾಗಿದ್ದು, ಭಕ್ತರು ಎರಚುವ ಮಂಡಕ್ಕಿಗೆ ದಪ್ಪ ದಪ್ಪ ಮೀನುಗಳು ಮನುಷ್ಯನ ಭಯವಿಲ್ಲದೆ ಮುಗಿಬೀಳುತ್ತವೆ. ಇಂಥ ಮಡುಗಳಿಗೆ ಮತ್ಸ್ಯತೀರ್ಥವೆಂಬ ಹೆಸರಿದೆ. 1346ರಲ್ಲಿ ವಿಜಯನಗರದ ದೊರೆ ಹರಿಹರನೂ ಅವನ ಸೋದರರೂ ಶೃಂಗೇರಿಗೆ ಬಂದು ಭೂಮಿಯನ್ನು ದತ್ತಿ ಕೊಟ್ಟ ವಿಷಯ ಶಾಸನದಿಂದ ತಿಳಿಯುತ್ತದೆ. ವಿಜಯನಗರ ಕಾಲದ ದಾನಶಾಸನಗಳು ಸಾಮಾನ್ಯವಾಗಿ ಹೇಳುವ ಅಷ್ಟಭೋಗಗಳಲ್ಲಿ, ಎಂದರೆ ದಾನ ಪಡೆದವನಿಗೆ ಸಲ್ಲುವ ಎಂಟು ಬಗೆಯ ಹಕ್ಕುಗಳಲ್ಲಿ, ನಿಧಿ, ನಿಕ್ಷೇಪಗಳ ಜೊತೆಗೆ ಜಲವೂ ಒಂದು. ಮುಂದೆ ಶೃಂಗೇರಿಯು ಮಠದ ಜಹಗೀರಾಗಿ, ಎಂದರೆ ಆದಾಯವೂ ಆಡಳಿತದ ಬಹುಭಾಗವೂ ಮಠಕ್ಕೇ ಸೇರಿದ ಪ್ರದೇಶವಾಗಿ, ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಮುಂದುವರಿಯಿತು. ಹೀಗಾಗಿ ಇಲ್ಲಿನ ನೀರಿನ ಒಡೆತನವೂ ಮೀನಿನ ಮೇಲಿನ ಶ್ರದ್ಧೆಯೂ ಒಂದೇ ಕಡೆ ಕೂಡಿದ್ದವು. ಗುಂಡಿಗೆ ಕಾವಲುಗಾರನನ್ನು ನೇಮಿಸದೆಯೇ ಅದು ಉಳಿದುಕೊಂಡಿತು. ತುಂಗೆಯ ಕೆಳಹರಿವಿನಲ್ಲಿ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಇದೇ ರೀತಿಯ ರಕ್ಷಣೆಯಿದೆ. ಶ್ರದ್ಧೆಯ ಕಾವಲಿಗೂ ಮಿತಿಯಿದೆಯೆಂಬುದನ್ನು ಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ಕಪಿಲಾ ನದಿಗೆ ವಿಷ ಬೆರೆಸಿ ದೇವರ ಮೀನುಗಳನ್ನು ಸಾವಿರ ಸಂಖ್ಯೆಯಲ್ಲಿ ಕೊಂದ ಘಟನೆ ತೋರಿಸಿತು.

ಈ ಮಡುಗಳ ಹಿರಿಯ ನಿವಾಸಿ ಮಹಸೀರ್, ಕನ್ನಡದಲ್ಲಿ ಬಿಳಿಮೀನು. ಕೃಷ್ಣಾ ಕಣಿವೆಗೆ ಸೇರಿದ ತುಂಗಾ, ಭದ್ರಾ ನದಿಗಳಲ್ಲಿರುವ ದಖನ್ ಮಹಸೀರನ್ನು ಕರ್ನಲ್ ಸೈಕ್ಸ್ ಎಂಬಾತನು ಪುಣೆಯ ಬಳಿಯ ಮುಳಾ–ಮುಠಾ ನದಿಯ ಮೀನಿನ ಆಧಾರದ ಮೇಲೆ 1839ರಲ್ಲಿ ವೈಜ್ಞಾನಿಕವಾಗಿ ವರ್ಣಿಸಿದನು. ಗಾಳದ ಮೀನನ್ನು ಕುರಿತ ಕುತೂಹಲ ಮಾತ್ರ ಇಂಗ್ಲಿಷರೊಂದಿಗೆ ಬಂದದ್ದಲ್ಲ. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಮೀನಿನ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳದ ಕೋಲು ಮತ್ತು ದಾರ ಎಲ್ಲವನ್ನೂ ಅದು ಶಾಸ್ತ್ರೀಯವಾಗಿ ನಿರೂಪಿಸುತ್ತದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ಅದು ಅರಸನ ವಿನೋದ. ಮಲೆನಾಡಿನ ಗದ್ದೆಯ ದೊಂದಿಗೂ ಅದಕ್ಕೂ ನಂಟಿಲ್ಲ.

ನದಿ ಮೀನು ಇಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆಯದಿರುವುದಕ್ಕೆ ಇನ್ನೊಂದು ಕಾರಣ ಕರಾವಳಿಯ ಸಾಮೀಪ್ಯ. ಆಗುಂಬೆಯೇ ಮೊದಲಾದ ಘಟ್ಟದ ದಾರಿಗಳಲ್ಲಿ ಉಪ್ಪಿನೊಡನೆ ಒಣಮೀನೂ ಮೇಲೇರಿ ಬರುತ್ತಿತ್ತು. ಹೊಳೆಯ ಬಳಿಗೆ ಹೋಗಲಾಗದ ಮಳೆಗಾಲದಲ್ಲಿ ಮನೆಯ ಅಟ್ಟದ ಒಣಮೀನೇ ಗಂಜಿಗೆ ನಂಜಿಕೊಳ್ಳುವ ಪದಾರ್ಥವಾಗಿತ್ತು. ಮೈಸೂರು ಸೀಮೆಯ ಬೆಸ್ತರನ್ನು ಕುರಿತು ಹಳೆಯ ಗೆಜೆಟಿಯರುಗಳು ಮೀನುಗಾರಿಕೆ, ದೋಣಿ ನಡೆಸುವುದು, ಪಲ್ಲಕ್ಕಿ ಹೊರುವುದು ಈ ಮೂರನ್ನೂ ಒಟ್ಟಿಗೇ ಹೇಳುತ್ತವೆ. ಒಂದೇ ಕಸುಬಿನಿಂದ ಬದುಕುವುದು ಅವರಿಗೆ ಸಾಧ್ಯವಿರಲಿಲ್ಲ ಎಂದೇ ಅದರಿಂದ ತಿಳಿಯಬೇಕು.

ಈ ಸ್ಥಿತಿಯನ್ನು ಮೂಲದಿಂದ ಬದಲಿಸಿದ್ದು ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟು. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಈ ಯೋಜನೆಯಲ್ಲಿ 186 ಅಡಿಯ ಮಟ್ಟಕ್ಕೆ ನೀರು ನಿಲ್ಲಿಸಿ, 71.5 ಟಿ.ಎಂ.ಸಿ. ನೀರನ್ನು ಹಿಡಿದಿಡುವ ಏರ್ಪಾಡಾಯಿತು, ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ದಾವಣಗೆರೆ, ಶಿವಮೊಗ್ಗಗಳ ಗದ್ದೆಗಳಿಗೆ ನೀರುಣಿಸಲು ನರಸಿಂಹರಾಜಪುರ ತಾಲ್ಲೂಕು ತನ್ನ ಕಣಿವೆಯ ಗದ್ದೆ, ತೋಟ, ಊರುಗಳನ್ನು ಬಿಟ್ಟುಕೊಟ್ಟಿತು. ಮುಳುಗಿದ ಗದ್ದೆಗಳಲ್ಲಿ ಹತ್ತುಮೀನು ಕಡಿಯುತ್ತಿದ್ದವರ ಪಾಲಿಗೆ ಇದು ನಷ್ಟವೇ ಆಗಿತ್ತು. ನಿಂತ ನೀರು ಬಂದಿತು, ಆದರೆ ಅದರಲ್ಲಿ ಬದುಕುವ ಬಗೆಯನ್ನು ಹೊಸದಾಗಿ ಕಲಿಯಬೇಕಾಯಿತು.

ನೀರಿನೊಡನೆ ಮೀನೂ ಬದಲಾಯಿತು. ಹರಿಯುವ ನೀರು, ಕಲ್ಲುಹಾಸು, ಮೇಲ್ಹರಿವಿಗೆ ಪಯಣ ಇವುಗಳನ್ನು ನಂಬಿದ ಬಿಳಿಮೀನಿನಂಥ ತಳಿಗಳಿಗೆ ಅಣೆಕಟ್ಟಿನ ಗೋಡೆ ದಾರಿ ಮುಚ್ಚಿತು. ಅವುಗಳ ಜಾಗವನ್ನು ತುಂಬಲು ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಬಿತ್ತಲಾಯಿತು. ಇದಕ್ಕೆ ಬೇಕಾದ ಮರಿಗಳನ್ನು ಮೊದಲು ನದಿಗಳಿಂದಲೇ ಬಾಚಿ ತರಬೇಕಾಗುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಈ ಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಜಲಾಶಯಗಳಿಗೆ ಮರಿ ಬಿಡುವುದು ಸರ್ಕಾರಗಳಿಗೆ ಸುಲಭಸಾಧ್ಯವಾಯಿತು. ಭದ್ರಾ ಯೋಜನೆಯ ಅಂಗಳದಲ್ಲಿಯೇ ಮೀನುಮರಿ ಕೇಂದ್ರವೊಂದು ನೆಲೆಗೊಂಡಿತು. ಬಾಳೆಮೀನು, ಕೊರವಗಳಂಥ ಸ್ಥಳೀಯ ಬೇಟೆಮೀನುಗಳು ಹಿನ್ನೀರಿನಲ್ಲಿಯೂ ಹೊಂದಿಕೊಂಡು ಉಳಿದುವಾದರೂ, ಹಿಡಿದು ಮಾರುವ ಮೀನಿನ ಪಟ್ಟಿಯಲ್ಲಿ ಬಂದವುಗಳೇ ಮುಂದಾದವು.

ದೋಣಿಯ ಕಾಲ ಬಂದದ್ದು ಇಲ್ಲಿಂದ. ಹಿನ್ನೀರಿನಲ್ಲಿ ಮುಳುಗಿದ ಮರಗಳ ಮೋಟುಗಳು ನೀರಿನ ಕೆಳಗೆ ಚಾಚಿ ನಿಂತಿರುವುದರಿಂದ ಉದ್ದನೆಯ ಭಾರದ ದೋಣಿಗಿಂತ ಹರಿಗೋಲು ಅನುಕೂಲ. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಹಿಂದೆ ತೊಗಲನ್ನೂ ಮುಂದೆ ಟಾರು ಬಳಿದ ಹಾಳೆಯನ್ನೂ ಹೊದಿಸಿ ಮಾಡುವ ಈ ತೆಪ್ಪವನ್ನು ಒಬ್ಬನೇ ತಲೆಯ ಮೇಲೆ ಹೊತ್ತು ದಡದಿಂದ ದಡಕ್ಕೆ ಸಾಗಿಸಬಹುದು, ಯಾವ ದಿಕ್ಕಿಗೂ ಥಟ್ಟನೆ ತಿರುಗಿಸಬಹುದು. ಇತ್ತೀಚೆಗೆ ಗಾಜುನಾರಿನ ತೆಪ್ಪಗಳು ಬಂದಿವೆ. ಹತ್ತಿ, ಸೆಣಬುಗಳ ನೂಲಿನ ಬಲೆಯನ್ನು ಒಣಗಿಸುವ, ಮರದ ಚಕ್ಕೆಯ ಬಣ್ಣ ಕಟ್ಟುವ ಶ್ರಮವನ್ನು ನೈಲಾನ್ ತಪ್ಪಿಸಿತು. ಕಂತುಬಲೆ ಎಂಬ, ಬೆಂಡು ಮೇಲೆ, ಭಾರ ಕೆಳಗೆ ಇದ್ದು ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆಯನ್ನು ಸಂಜೆ ಬಿಟ್ಟು ಮುಂಜಾನೆ ಎತ್ತುತ್ತಾರೆ. ಕಣ್ಣಿಗೆ ಕಾಣದ ದಾರದಲ್ಲಿ ತಲೆ ತೂರಿಸಿದ ಮೀನು ಕಿವಿರಿನ ಬಳಿ ಸಿಕ್ಕಿಬೀಳುತ್ತದೆ. ಬಲೆಯ ಕಣ್ಣಿನ ಅಳತೆಯೇ ಇಲ್ಲಿ ಭವಿಷ್ಯವನ್ನು ನಿರ್ಣಯಿಸುವುದರಿಂದ, ಪರವಾನಗಿಯೊಡನೆ ಹಿಡಿಯಬೇಕೆಂಬ ಮೀನುಗಾರಿಕೆ ಇಲಾಖೆಯ ನಿಯಮಕ್ಕೆ ಬಲೆಗಣ್ಣಿನ ನಿಯಮವೂ ಕೂಡಿಕೊಂಡಿದೆ.

ನೀರಿನ ಇನ್ನೊಂದು ದಂಡೆಯಲ್ಲಿ ಕಾಡಿನ ಕಾಯಿದೆಯಿದೆ. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಗಿ ಆರಂಭವಾದ ಪ್ರದೇಶವು 1974ರಲ್ಲಿ ಭದ್ರಾ ವನ್ಯಜೀವಿಧಾಮವಾಗಿ ವಿಸ್ತಾರಗೊಂಡು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹಿನ್ನೀರು ಇಳಿದಾಗ ಎದ್ದು ಬರುವ ನಡುಗಡ್ಡೆಗಳಲ್ಲಿ ಬೇಸಗೆಯಲ್ಲಿ ರಿವರ್‌ಟರ್ನ್ ಹಕ್ಕಿಗಳು ಗೂಡುಮಾಡಿ, ಮರಿಗಳಿಗೆ ಅದೇ ನೀರಿನ ಮೀನನ್ನು ಉಣಿಸುತ್ತವೆ. ಮೀನುಗಾರನ ಬಲೆಗೂ ಅಭಯಾರಣ್ಯದ ಗಡಿಗೂ ನಡುವಿನ ತಿಕ್ಕಾಟ ಈ ಜಲಾಶಯದ ಚರಿತ್ರೆಯ ಒಂದು ಅಂಗವೇ. ಇದರೊಡನೆ ಭದ್ರೆಯ ಉಗಮದಲ್ಲಿಯೇ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಎರಡೂವರೆ ದಶಕ ನಡೆದು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದು ಹೊಳೆಗೆ ಸೇರಿಸಿದ ಹೂಳು ಕೆಳಗಿನ ಗುಂಡಿಗಳಿಗೂ ಹಿನ್ನೀರಿಗೂ ಬಂದಿದೆ.

ಕೊಪ್ಪ, ಶೃಂಗೇರಿಗಳ ತುಂಗೆಯಲ್ಲಿ ಇಂಥ ಜಲಾಶಯವಿಲ್ಲ. ಅಲ್ಲಿ ದೋಣಿಗಳಿದ್ದ ಕಡವುಗಳನ್ನು ಸೇತುವೆಗಳು ನುಂಗಿದವು. ನಿತ್ಯದ ದಾಟುವಿಕೆ ನಿಂತಿದ್ದರಿಂದ ಅಂಬಿಗನ ಕುಲಕಸುಬೂ ನಿಂತಿತು, ಅದಕ್ಕೆ ಪ್ರತಿಯಾಗಿ ಮೀನಿನ ದೋಣಿ ಬರಲಿಲ್ಲ. ಆದರೂ ಮೂಲನಿವಾಸಿ ಮೀನುಗಳ ದೃಷ್ಟಿಯಿಂದ ನೋಡಿದರೆ ಅಣೆಕಟ್ಟಿಲ್ಲದ ಆ ಹರಿವು ಹೆಚ್ಚು ಬೆಲೆಯುಳ್ಳದ್ದು. ಕೃತಕವಾಗಿ ದಖನ್ ಮಹಸೀರನ್ನು ಬೆಳೆಸುವ ಯತ್ನವು 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯಿಂದ ಆರಂಭವಾಗಿ, ಕರ್ನಾಟಕದಲ್ಲಿಯೂ ಹಾರಂಗಿಯಲ್ಲಿ ಮರಿ ಉತ್ಪಾದನೆ ನಡೆದಿದೆ. ಬೇರೆ ಕಡೆಯ ಮರಿಗಳನ್ನು ತಂದು ಬಿಡುವ ಈ ಪ್ರಯತ್ನಗಳ ನಡುವೆ, ತುಂಗೆಯದೇ ಆದ ತಾಯಿಮೀನುಗಳು ಶತಮಾನಗಳ ನಿಷೇಧದ ನೆರಳಿನಲ್ಲಿ ಶೃಂಗೇರಿಯ ಸೋಪಾನದ ಕೆಳಗೆ ಉಳಿದಿರುವುದು ಮೀನುಗಾರಿಕೆ ಇಲಾಖೆಗೂ ವಿಜ್ಞಾನಿಗಳಿಗೂ ಕೈಗೆಟುಕುವ ಸಂಪತ್ತಾಗಿದೆ.