ಮೈ ಉಜ್ಜುವ ಮೀನು: ಘಟ್ಟದ ಮೇಲಿನ ಮೃದು ನೀರಿನಲ್ಲಿ ರೋಗನಿರ್ಣಯದ ಪ್ರಶ್ನೆ

ಹೊಸದಾಗಿ ತಂದು ಬಿಟ್ಟ ಅಕ್ವೇರಿಯಂ ಮೀನು ಕಲ್ಲಿಗೋ ತಳದ ಮರಳಿಗೋ ಪಕ್ಕೆ ತಾಗಿಸಿ ಥಟ್ಟನೆ ಹೊರಳಿ ಹೋಗುವುದನ್ನು ಮೀನು ಸಾಕುವವರೆಲ್ಲ ಕಂಡಿರುತ್ತಾರೆ. ಮೈಯ ಲೋಳೆಪದರ ಕೆರಳಿದೆ ಎಂಬುದಷ್ಟನ್ನೇ ಈ ನಡವಳಿಕೆ ತಿಳಿಸುತ್ತದೆ. ಕೆರಳಿಸಿದ್ದು ಯಾವುದು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಆದರೂ ಮೊದಲು ಬರುವ ತೀರ್ಮಾನ ಹೆಚ್ಚಾಗಿ ಒಂದೇ: ಪರೋಪಜೀವಿ ಅಂಟಿದೆ, ಔಷಧಿ ಹಾಕಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನೀರಿನ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ತೀರ್ಮಾನ ಅವಸರದ್ದು, ಕೆಲವೊಮ್ಮೆ ಮಾರಕವಾದದ್ದು ಎಂಬುದು ಈ ಲೇಖನದ ವಾದ.

ಅಘನಾಶಿನಿ, ಶರಾವತಿ, ಬೇಡ್ತಿ ಕಣಿವೆಗಳ ಈ ನೆಲ ಬಹುಪಾಲು ಚೀರೆಕಲ್ಲಿನದು. ಭಾರೀ ಮಳೆಗೆ ಸಾವಿರಾರು ವರ್ಷ ತೊಳೆದುಹೋದ ಈ ಮಣ್ಣಿನಲ್ಲಿ ಸುಣ್ಣದಂಶ ಕಡಿಮೆ. ಅದರ ಮೂಲಕ ಇಳಿದು ಬಾವಿ ಸೇರುವ ನೀರೂ, ದಂಬೆಯಲ್ಲೋ ಪೈಪಿನಲ್ಲೋ ಮನೆಯಂಗಳಕ್ಕೆ ಹರಿದು ಬರುವ ಅಬ್ಬಿ ನೀರೂ ಮೃದುವಾಗಿದ್ದು ತುಸು ಆಮ್ಲೀಯವಾಗಿರುತ್ತವೆ. ಯಾಣದ ಸುತ್ತಲಿನಂತೆ ಸುಣ್ಣಕಲ್ಲು ಇರುವ ಕಡೆ, ಆಳದ ಬೋರ್‌ವೆಲ್ ಇರುವ ಕಡೆ ಸ್ಥಿತಿ ಬೇರೆ, ಅವು ಅಪವಾದಗಳು. ಮೃದು ನೀರು ಕುಡಿಯಲು ರುಚಿ, ಬೇಳೆ ಬೇಯಿಸಲು ಅನುಕೂಲ. ಆದರೆ ಗಾಜಿನ ತೊಟ್ಟಿಯಲ್ಲಿ ಅದಕ್ಕೊಂದು ದೌರ್ಬಲ್ಯವಿದೆ: ಕ್ಷಾರೀಯತೆ ಕಡಿಮೆಯಾದ್ದರಿಂದ ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಮೀನಿನ ಮಲ, ಉಳಿದ ಆಹಾರ ಕೊಳೆತು ಆಮ್ಲ ಹುಟ್ಟಿದಂತೆ ಪಿಎಚ್ 6ರ ಕೆಳಗೆ ಜಾರುತ್ತದೆ. ಅಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನವಾಗುತ್ತದೆ.

ಇಂಥ ನೀರಿಗೆ ಬರುವ ಮೀನು ಹುಟ್ಟಿದ್ದು ಇನ್ನೆಲ್ಲೋ. ದೇಶದ ಅಲಂಕಾರಿಕ ಮೀನುಗಳಲ್ಲಿ ದೊಡ್ಡ ಪಾಲು ಕೋಲ್ಕತ್ತ, ಮುಂಬೈ ಮತ್ತು ಚೆನ್ನೈನ ಕೊಳತ್ತೂರು ಕಡೆಯದು. ಗಡಸು ನೀರಿನಲ್ಲಿ ಬೆಳೆದ ಗಪ್ಪಿ, ಮೋಲಿಗಳಿಗೆ ಘಟ್ಟದ ನೀರು ಒಮ್ಮೆಲೇ ಎದುರಾದರೆ ದೇಹದ ಲವಣ ಸೋರುವುದನ್ನು ತಡೆಯುವುದೇ ಕಷ್ಟವಾಗುತ್ತದೆ. ಜೊತೆಗೆ ಪ್ರಯಾಣದ ಚೀಲದೊಳಗೂ ಒಂದು ರಸಾಯನ ನಡೆದಿರುತ್ತದೆ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡಿನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ. ಆ ಇಳಿಕೆಯಿಂದಾಗಿಯೇ ಅಲ್ಲಿ ಸೇರಿದ ಅಮೋನಿಯಾ ನಿರಪಾಯಕಾರಿ ಅಮೋನಿಯಂ ರೂಪದಲ್ಲಿ ಕುಳಿತಿರುತ್ತದೆ. ಚೀಲ ಬಿಚ್ಚಿ ಗಾಳಿ ಆಡಿದೊಡನೆ ಅನಿಲ ಹಾರಿ ಪಿಎಚ್ ಏರುತ್ತದೆ, ಅಮೋನಿಯಾ ಮತ್ತೆ ವಿಷವಾಗುತ್ತದೆ. ಬಿಚ್ಚಿದ ಚೀಲಕ್ಕೆ ತಾಸುಗಟ್ಟಲೆ ಲೋಟದಲ್ಲಿ ನೀರು ಸುರಿಯುತ್ತ ‘ಹೊಂದಿಸುವ’ ಪದ್ಧತಿ ಒಳ್ಳೆಯ ಉದ್ದೇಶದ್ದೇ, ಆದರೆ ದೂರದಿಂದ ಬಂದ ಚೀಲದಲ್ಲಿ ಅದು ಕಿವಿರನ್ನು ಸುಡುತ್ತದೆ. ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೂ ಇಲ್ಲಿ ನೆನೆಯಬೇಕು. ಅದರ ಕ್ಲೋರಿನ್ ಕೂಡ ಲೋಳೆಯನ್ನು ಕೆರಳಿಸುತ್ತದೆ.

ಆದ್ದರಿಂದ ನಿರ್ಣಯದಲ್ಲಿ ಮೊದಲು ಕೇಳಬೇಕಾದದ್ದು, ಉಜ್ಜಾಟ ಯಾವಾಗ ಶುರುವಾಯಿತು ಎಂದು. ಬಿಟ್ಟ ಕೆಲವೇ ತಾಸುಗಳಲ್ಲಿ, ಎಲ್ಲ ಹೊಸ ಮೀನುಗಳೂ ಒಟ್ಟಿಗೆ ಉಜ್ಜತೊಡಗಿದರೆ, ಹಳೆಯ ಮೀನುಗಳು ನೆಮ್ಮದಿಯಾಗಿದ್ದರೆ, ಸಂಶಯ ನೀರಿನ ಬದಲಾವಣೆಯ ಮೇಲೆ ಹೋಗಬೇಕು. ನೀರು ಬದಲಿಸಿದ ಬೆನ್ನಿಗೇ ಹಳತು ಹೊಸತೆನ್ನದೆ ಎಲ್ಲವೂ ಉಜ್ಜಿದರೆ ಕ್ಲೋರಿನ್ ಅಥವಾ ಪಿಎಚ್ ಜಿಗಿತ. ಮೂರು ನಾಲ್ಕು ದಿನ ಸುಮ್ಮನಿದ್ದು, ಒಂದೆರಡು ಮೀನುಗಳಲ್ಲಿ ತೊಡಗಿ ಹಳೆಯವುಗಳಿಗೂ ಹಬ್ಬಿದರೆ ಆಗ ಪರೋಪಜೀವಿಯ ಮಾತು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಅಂಗಡಿಯಿಂದಲೇ ಪರೋಪಜೀವಿಗಳನ್ನು ತುಂಬ ಹೊತ್ತು ಬಂದ ಮೀನು ಮೊದಲ ದಿನವೇ ಉಜ್ಜಬಹುದು. ಆದರೂ ಪಿಎಚ್, ಅಮೋನಿಯಾ, ಕ್ಷಾರೀಯತೆ ನೋಡುವ ಅಗ್ಗದ ಕಿಟ್ ಹತ್ತು ನಿಮಿಷದಲ್ಲಿ ಅರ್ಧ ಅನುಮಾನ ಬಗೆಹರಿಸುತ್ತದೆ.

ಉಳಿದರ್ಧಕ್ಕೆ ಸೂಕ್ಷ್ಮದರ್ಶಕ ಬೇಕು. ದುಬಾರಿ ಯಂತ್ರವೇನಲ್ಲ, ಪಿಯು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿರುವಂಥದೇ ಸಾಕು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕವರ್‌ಸ್ಲಿಪ್ಪಿನ ಅಂಚನ್ನು ಕಿವಿರಿನ ಹಿಂಬದಿಯಿಂದ ಬಾಲದ ಕಡೆಗೆ, ಹುರುಪೆ ಬೆಳೆದ ದಿಕ್ಕಿನಲ್ಲೇ, ಹಗುರವಾಗಿ ಎಳೆಯಬೇಕು. ಬಂದ ಲೋಳೆಯನ್ನು ತೊಟ್ಟಿಯದೇ ಒಂದು ಹನಿ ನೀರಿನಲ್ಲಿ ಹರಡಿ ಕೂಡಲೇ ನೋಡಬೇಕು. ಒಣಗಿದರೆ, ಮೀನು ಸತ್ತು ಹೊತ್ತಾದರೆ ಬಹಳ ಜೀವಿಗಳು ಕಾಣಸಿಗುವುದಿಲ್ಲ. ಗುಂಡಗಿನ ತಟ್ಟೆಯೊಳಗೆ ಹಲ್ಲಿನ ಉಂಗುರ ಹೊತ್ತು ಗಿರಗಿರ ಸುತ್ತುವುದು ಟ್ರೈಕೊಡಿನ. ಉದ್ದನೆಯ ದೇಹ, ತುದಿಯಲ್ಲಿ ಕೊಕ್ಕೆ, ಕಣ್ಣುಚುಕ್ಕೆ ಇಲ್ಲ, ಹೊಟ್ಟೆಯಲ್ಲಿ ಇನ್ನೊಂದು ಮರಿಯ ಕೊಕ್ಕೆ: ಇದು ಜೀವಂತ ಮರಿ ಹಾಕುವ ಗೈರೊಡ್ಯಾಕ್ಟಿಲಸ್. ನಾಲ್ಕು ಕಣ್ಣುಚುಕ್ಕೆಯ, ಮೊಟ್ಟೆಯಿಡುವ ಡ್ಯಾಕ್ಟಿಲೊಗೈರಸ್ ಮುಖ್ಯವಾಗಿ ಕಿವಿರಿನಲ್ಲಿರುತ್ತದೆ. ಮೊಟ್ಟೆಗೆ ಔಷಧಿ ತಾಗದ್ದರಿಂದ ಒಂದೇ ಸಲದ ಚಿಕಿತ್ಸೆ ಅದಕ್ಕೆ ಸಾಲದು. ಆರ್ಗ್ಯುಲಸ್ ಎಂಬ ಮೀನುಹೇನು, ದಾರದಂತೆ ಜೋತು ಬೀಳುವ ಲರ್ನಿಯ, ಇವಕ್ಕೆ ಬರಿಗಣ್ಣೇ ಸಾಕು.

ಬಿಳಿ ಚುಕ್ಕೆ ರೋಗವನ್ನು ಬೇರೆಯಾಗಿಯೇ ಹೇಳಬೇಕು. 1876ರಲ್ಲಿ ಫ್ರಾನ್ಸಿನ ಫೂಕೆ ವರ್ಣಿಸಿದ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಇದರ ಕಾರಣ. ರವೆಕಾಳಿನಷ್ಟು ಚುಕ್ಕೆ ಕಾಣುವ ಮುಂಚೆಯೇ ಉಜ್ಜಾಟ ಶುರುವಾಗಿರುತ್ತದೆ. ಲೋಳೆಯಲ್ಲಿ ನಿಧಾನ ಉರುಳುವ ಕೋಶ, ಅದರೊಳಗೆ ಕುದುರೆಲಾಳದಾಕಾರದ ಕೋಶಕೇಂದ್ರ ಕಂಡರೆ ಮತ್ತೆ ಚರ್ಚೆಯಿಲ್ಲ. ಜೀವಿ ಚರ್ಮದಡಿ ಬೆಳೆದು, ಕಳಚಿ ತಳಕ್ಕಿಳಿದು, ಕವಚ ಕಟ್ಟಿ, ನೂರಾರು ಮರಿಕೋಶಗಳಾಗಿ ಹೊರಬರುತ್ತದೆ. ಔಷಧಿ ಕೊಲ್ಲುವುದು ಈಜಾಡುವ ಆ ಮರಿಕೋಶಗಳನ್ನು ಮಾತ್ರ. ನೀರು 25 ಡಿಗ್ರಿ ಇದ್ದರೆ ಈ ಚಕ್ರಕ್ಕೆ ವಾರವೂ ಬೇಡ. 10 ಡಿಗ್ರಿಯಲ್ಲಿ ತಿಂಗಳೇ ಹಿಡಿಯುತ್ತದೆ. ಶಿರಸಿ ಸೀಮೆಯ ಡಿಸೆಂಬರ್–ಜನವರಿಯ ರಾತ್ರಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೀಟರ್ ಇಲ್ಲದ ಸಣ್ಣ ತೊಟ್ಟಿಯೂ ಅದರೊಂದಿಗೇ ತಣಿಯುತ್ತದೆ. ಹೀಗಾಗಿ ಚುಕ್ಕೆ ಮಾಯವಾಯಿತೆಂದು ಐದನೇ ದಿನ ಔಷಧಿ ನಿಲ್ಲಿಸಿದವರಿಗೆ ರೋಗ ಮರುಕಳಿಸಿದಂತೆ ಕಂಡರೆ, ಅದು ಮರುಕಳಿಸಿದ್ದಲ್ಲ, ತಳದಲ್ಲಿ ಇದ್ದೇ ಇತ್ತು. ಗಂಡು ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮೇಲೆ ಸಂತಾನಕಾಲದಲ್ಲಿ ಸಾಲಾಗಿ ಏಳುವ ಬಿಳಿ ಗುಳ್ಳೆಗಳು ಮಾತ್ರ ರೋಗವಲ್ಲ. ಆ ಮೀನು ಉಜ್ಜುವುದೂ ಇಲ್ಲ.

ಈ ತಾಲ್ಲೂಕುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ತಾಮ್ರ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮೀನಿನ ಪರೋಪಜೀವಿಗೆ ಹಳೆಯ, ಪರಿಣಾಮಕಾರಿ ಮದ್ದು ಎಂಬುದು ನಿಜ. ಅಡಿಕೆ ತೋಟವಿರುವ ಮನೆಯ ಅಟ್ಟದಲ್ಲಿ ಅದು ಇದ್ದೇ ಇರುತ್ತದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದ ಕಾಲದಿಂದ ಬೋರ್ಡೋ ದ್ರಾವಣ ಅಡಿಕೆ ಬೆಳೆಗಾರನ ಮಳೆಗಾಲದ ಭಾಗವಾಗಿದೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೋಟದಲ್ಲಿ ಅದರ ಉಗ್ರತೆಯನ್ನು ತಗ್ಗಿಸುವುದು ಸುಣ್ಣ. ಮೀನಿನ ತೊಟ್ಟಿಯಲ್ಲಿ ಆ ಕೆಲಸ ಮಾಡಬೇಕಾದದ್ದು ನೀರಿನ ಕ್ಷಾರೀಯತೆ, ಅದೇ ಇಲ್ಲಿಲ್ಲ. ಮೀನುಗಾರಿಕೆಯಲ್ಲಿ ಒಪ್ಪಿತವಾದ ಸೂತ್ರದಂತೆ, ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಷಾರೀಯತೆಯಿದೆಯೋ ಅದರ ನೂರನೇ ಒಂದು ಪಾಲು ಮೈಲುತುತ್ತ ಹಾಕಬಹುದು. ಕ್ಷಾರೀಯತೆ 50ಕ್ಕಿಂತ ಕಡಿಮೆಯಿದ್ದರೆ ಹಾಕಲೇಬಾರದು. ಕ್ಷಾರೀಯತೆ 20 ಇರುವ ಬಾವಿ ನೀರಿನ 40 ಲೀಟರಿನ ತೊಟ್ಟಿಯನ್ನು ಊಹಿಸಿ. ಸೂತ್ರ ಹೇಳುವ ಲೆಕ್ಕ 8 ಮಿಲಿಗ್ರಾಂ. ಒಂದು ಚಿಟಿಕೆಯೆಂದರೆ ಅದರ ಹತ್ತಾರು ಪಟ್ಟು. ತಾಮ್ರ ಕಿವಿರಿಗೆ ತಾಗಿದ ಮೀನು ಮೊದಲು ಮಾಡುವುದೂ ಉಜ್ಜಾಟವನ್ನೇ. ಅದನ್ನು ಕಂಡು ರೋಗ ಇನ್ನೂ ಹೋಗಿಲ್ಲವೆಂದು ಮತ್ತೊಂದು ಚಿಟಿಕೆ ಬೀಳುತ್ತದೆ. ಅಂಗಡಿಯ ಬಾಟಲಿಗಳಲ್ಲೂ ಕೆಲವು ತಾಮ್ರದವೇ ಆದ್ದರಿಂದ ಚೀಟಿ ಓದದೆ ಕೊಳ್ಳುವುದೂ ಅಷ್ಟೇ ಅಪಾಯ. ತೋಟಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ತಗ್ಗಿನ ಬಾವಿಯ ನೀರನ್ನು ತೊಟ್ಟಿಗೆ ತರದಿರುವುದು ಲೇಸು.

ಹಾಗಾದರೆ ಚಿಕಿತ್ಸೆಗೆ ಏನು? ಉಪ್ಪು. ಅದೂ ಅಘನಾಶಿನಿ ಕಡಲು ಸೇರುವಲ್ಲಿ, ಸಾಣಿಕಟ್ಟೆಯಲ್ಲಿ ತೆಗೆಯುವ ಹರಳುಪ್ಪು ನಮ್ಮ ಸಂತೆಗಳಲ್ಲೇ ಸಿಗುತ್ತದೆ. ಬಿಳಿ ಚುಕ್ಕೆಗೆ ಲೀಟರಿಗೆ 2–3 ಗ್ರಾಂ, ಒಂದು ದಿನದ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಚುಕ್ಕೆ ಹೋದ ಮೇಲೂ ಬಿಡದೆ ಇಡಬೇಕು. ಲವಣ ಸೋರುತ್ತಿರುವ ಹೊಸ ಮೀನಿಗೆ, ಪರೋಪಜೀವಿ ಇಲ್ಲದಿದ್ದರೂ, ಇದು ಉಪಕಾರವೇ. ನಿರ್ಣಯ ಇನ್ನೂ ಆಗದ ಹಂತದಲ್ಲಿ ಬಳಸಬಹುದಾದ ಮದ್ದು ಇದೊಂದೇ ಎಂದು ನಾನು ಭಾವಿಸುತ್ತೇನೆ. ಹುರುಪೆಯಿಲ್ಲದ ಮೀನುಗಳಿಗೆ ಪ್ರಮಾಣ ಕಡಿಮೆ ಮಾಡಬೇಕು. ಗೈರೊಡ್ಯಾಕ್ಟಿಲಸ್ ಅಥವಾ ಡ್ಯಾಕ್ಟಿಲೊಗೈರಸ್ ಎಂಬ ಕೊಕ್ಕೆಯ ಹುಳುವೆಂದು ಖಚಿತವಾದರೆ ಪ್ರಾಜಿಕ್ವಾಂಟೆಲ್ ಇದೆ. ನೀರಿನದೇ ದೋಷವಾದರೆ ಕುಮಟಾ ಕಡೆಯ ಬೆಳಚಿನ ಚಿಪ್ಪು ಒಂದು ಹಿಡಿ ಫಿಲ್ಟರಿನಲ್ಲಿಟ್ಟು ಕ್ಷಾರೀಯತೆಯನ್ನು ನಿಧಾನವಾಗಿ ಏರಿಸಬಹುದು. ಅದಕ್ಕೂ ಮುನ್ನ ಅಮೋನಿಯಾ ಇಲ್ಲವೆಂದು ಖಾತ್ರಿಯಾಗಬೇಕು, ಪಿಎಚ್ ಏರಿದಂತೆ ಅದರ ವಿಷವೂ ಏರುವುದರಿಂದ.

ಹಳ್ಳದಿಂದ ಹಿಡಿದು ತಂದ ಮೀನನ್ನು ಅಂಗಡಿಯ ಮೀನಿನ ಜೊತೆ ಬಿಡುವ ರೂಢಿಗೆ ಇಲ್ಲಿ ಇನ್ನೊಂದು ತೊಡಕಿದೆ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಬಂದ ಹುಣ್ಣು ರೋಗ, ಅಫನೊಮೈಸಿಸ್ ಇನ್ವೇಡನ್ಸ್ ಎಂಬ ಬೂಸ್ಟಿನಂಥ ಜೀವಿಯದು. ಮಳೆಯ ನಂತರದ ತಂಪು, ಕಡಿಮೆ ಕ್ಷಾರೀಯತೆಯ ನೀರು ಅದಕ್ಕೆ ಹಿತ. ಮೈಮೇಲೆ ಕೆಂಪು ಕಲೆ, ಹುಣ್ಣು ಇರುವ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲೂ ಇಟ್ಟುಕೊಳ್ಳಬಾರದು. ತೊಟ್ಟಿಯಿಂದ ಹಳ್ಳಕ್ಕೆ ಆಗುವ ಹಾನಿಯೂ ಸಣ್ಣದಲ್ಲ: ಲರ್ನಿಯ ಜಗತ್ತಿನುದ್ದಕ್ಕೂ ಹಬ್ಬಿದ್ದು ಗೋಲ್ಡ್‌ಫಿಶ್, ಗೆಂಡೆಯಂಥ ಸಾಕು ಮೀನುಗಳ ಮೂಲಕವೇ. ರೋಗದ ತೊಟ್ಟಿಯ ನೀರು ಅಬ್ಬಿಗೆ, ಕಾಲುವೆಗೆ ಹೋಗದಂತೆ ಒಣನೆಲಕ್ಕೆ ಸುರಿಯಬೇಕು. ಉಪ್ಪು ಹಾಕಿದ ನೀರಾದರೆ ಅಡಿಕೆಯ ಬುಡಕ್ಕಲ್ಲ, ತೆಂಗಿನ ಬುಡಕ್ಕೆ.