ಸುಟ್ಟಗಾಯ: ಬದುಕುಳಿಯುವ ಸಾಧ್ಯತೆಯ ಲೆಕ್ಕ

ತೀವ್ರ ಸುಟ್ಟಗಾಯಗಳಾದವರು ಬದುಕುಳಿಯುವುದು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ರೋಗಿಯ ವಯಸ್ಸು, ಸುಟ್ಟ ಚರ್ಮದ ವಿಸ್ತಾರ, ಶ್ವಾಸನಾಳಕ್ಕೆ ಹೊಗೆಯಿಂದಾದ ಹಾನಿ. ವಿಸ್ತಾರ ಹೆಚ್ಚಿದಂತೆ ಸಾವೂ ಹೆಚ್ಚುತ್ತದೆಂಬುದನ್ನು 1902ರಲ್ಲಿ ವಿಯೆನ್ನಾದ ವೈದ್ಯ ವೈಡೆನ್‌ಫೆಲ್ಡ್ ದಾಖಲಿಸಿದರು.

ಲೆಕ್ಕ ಹಾಕಬೇಕಾದರೆ ಮೊದಲು ಅಳತೆ ಬೇಕು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲಿನ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟ ಅನುಭವದಿಂದ, ಎರಡು ವರ್ಷಗಳ ನಂತರ ಅದೇ ಊರಿನ ವೈದ್ಯರಾದ ಲಂಡ್ ಮತ್ತು ಬ್ರೌಡರ್ ದೇಹದ ಯಾವ ಭಾಗ ಒಟ್ಟು ಚರ್ಮದ ಶೇಕಡಾ ಎಷ್ಟು ಎಂಬ ನಕ್ಷೆ ಪ್ರಕಟಿಸಿದರು. ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು. ಆ ವ್ಯತ್ಯಾಸವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. 1951ರಲ್ಲಿ ಎಡಿನ್‌ಬರೋದ ವಾಲೇಸ್ ಪ್ರಚುರಪಡಿಸಿದ ‘ಒಂಬತ್ತರ ನಿಯಮ’ ಇನ್ನೂ ಸುಲಭ: ತಲೆಗೆ 9, ಒಂದೊಂದು ತೋಳಿಗೆ 9, ಒಂದೊಂದು ಕಾಲಿಗೆ 18, ಮುಂಡದ ಮುಂಭಾಗಕ್ಕೆ 18, ಬೆನ್ನಿಗೆ 18, ಉಳಿದ 1 ಜನನಾಂಗದ ಭಾಗಕ್ಕೆ.

ವಯಸ್ಸು ಮತ್ತು ವಿಸ್ತಾರ ಎರಡನ್ನೂ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿಗೆ ತಂದವರು ಬರ್ಮಿಂಗ್‌ಹ್ಯಾಮ್ ಅಪಘಾತ ಆಸ್ಪತ್ರೆಯ ಬುಲ್ ಮತ್ತು ಸ್ಕ್ವೈರ್ (1949). ಅವರ ಕೋಷ್ಟಕಗಳಿಗಿಂತ ಹೆಚ್ಚು ಬಳಕೆಗೆ ಬಂದದ್ದು ಫ್ರಾನ್ಸಿನ ಸೆರ್ಜ್ ಬೋ 1961ರ ಪ್ರಬಂಧದಲ್ಲಿ ಕೊಟ್ಟ ಸೂತ್ರ. ವಯಸ್ಸಿಗೆ ಸುಟ್ಟ ಶೇಕಡಾವಾರನ್ನು ಕೂಡಿಸಿದರಾಯಿತು, ಅಷ್ಟೇ. ಮೊತ್ತ 100ರ ಹತ್ತಿರ ಬಂದರೆ ಆಸೆ ಬಿಡಬೇಕೆಂಬ ನಂಬಿಕೆ ಬಹುಕಾಲ ಉಳಿಯಿತು. ರೋಗಿಯ ಮಂಚದ ಪಕ್ಕದಲ್ಲೇ ಬಾಯಿಲೆಕ್ಕದಲ್ಲಿ ಮುಗಿಯುತ್ತಿದ್ದುದೇ ಈ ಸೂತ್ರದ ಬಲ.

ಹೊಗೆಗೆ ಅಂಕ ಸಿಕ್ಕಿದ್ದು ತಡವಾಗಿ. 1982ರಲ್ಲಿ ಅಮೆರಿಕದ ಟೊಬಿಯಾಸೆನ್ ಮತ್ತು ಸಂಗಡಿಗರ ಸೂಚ್ಯಂಕ ಅದರ ಜೊತೆಗೆ ಲಿಂಗವನ್ನೂ ಗಾಯದ ಆಳವನ್ನೂ ಸೇರಿಸಿತು. 1998ರಲ್ಲಿ ಬಾಸ್ಟನ್ನಿನ ರಯಾನ್ ತಂಡ ಮೂರೇ ಅಪಾಯಗಳನ್ನು ಎಣಿಸಿತು: 60 ಮೀರಿದ ವಯಸ್ಸು, ಶೇ. 40 ಮೀರಿದ ಗಾಯ, ಹೊಗೆಯ ಹಾನಿ. ಒಂದೂ ಇಲ್ಲದವರಲ್ಲಿ ಸಾವು ಶೇ. 0.3, ಒಂದಿದ್ದರೆ 3, ಎರಡಿದ್ದರೆ 33, ಮೂರೂ ಇದ್ದರೆ ಸುಮಾರು 90. 2010ರಲ್ಲಿ ಆಸ್ಲರ್ ಮತ್ತು ಸಂಗಡಿಗರು ಬೋ ಸೂತ್ರವನ್ನೇ ತಿದ್ದಿ, ಹೊಗೆಯ ಹಾನಿಗೆ 17 ಅಂಕ ಕೂಡಿಸಿದರು. 50 ವರ್ಷದ ಹೆಂಗಸಿನ ಸೀರೆಗೆ ಬೆಂಕಿ ಹತ್ತಿ ಮುಂಡದ ಮುಂಭಾಗ ಮತ್ತು ಎರಡೂ ತೋಳು ಸುಟ್ಟರೆ ವಿಸ್ತಾರ ಶೇ. 36, ಮೊತ್ತ 86. ಹೊಗೆಯೂ ಒಳಹೊಕ್ಕು ಹಾನಿ ಮಾಡಿದ್ದರೆ 103.

ಇವೆಲ್ಲ ಗುಂಪಿನ ಲೆಕ್ಕಗಳು, ಒಬ್ಬ ರೋಗಿಯ ಹಣೆಬರಹವಲ್ಲ. ಒಂದು ದೇಶದ ಸುಸಜ್ಜಿತ ಕೇಂದ್ರದಲ್ಲಿ ಹೊಂದಿದ ಸೂತ್ರ, ಗಾಯಾಳು ತಡವಾಗಿ ತಲುಪುವ, ನಂಜು ಹೆಚ್ಚಿರುವ ಆಸ್ಪತ್ರೆಯಲ್ಲಿ ಹೊಂದಬೇಕಿಲ್ಲ. ಚಿಕಿತ್ಸೆ ಬದಲಾದಂತೆಯೂ ಲೆಕ್ಕ ತಪ್ಪುತ್ತದೆ. ದ್ರವ ಪೂರೈಕೆ, ಸೋಂಕಿನ ಹತೋಟಿ, 1970ರಲ್ಲಿ ಸ್ಲೊವೇನಿಯಾದ ಜೋರಾ ಯಾನ್ಜೆಕೊವಿಚ್ ವಿವರಿಸಿದಂತೆ ಸತ್ತ ಚರ್ಮವನ್ನು ಬೇಗನೆ ಕೆತ್ತಿ ತೆಗೆದು ಕಸಿ ಮಾಡುವ ವಿಧಾನ, ಇವು ಹಳೆಯ ಗಡಿಯನ್ನು ದೂರ ತಳ್ಳಿದವು. 2012ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಒಂದು ಕೇಂದ್ರದ 27 ವರ್ಷಗಳ ದಾಖಲೆಗಳ ಅಧ್ಯಯನದಲ್ಲಿ, ಬೋ ಮೊತ್ತ ಸುಮಾರು 110 ಇದ್ದವರಲ್ಲಿ ಅರ್ಧದಷ್ಟು ಜನ ಬದುಕುವ ನಿರೀಕ್ಷೆ ಕಂಡುಬಂತು.