ಹವ್ಯಾಸಿಗಳು ತಿದ್ದಿದ ಗಾಲ್ಫ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್ ಊರಿನಲ್ಲಿ 1840ರ ಸುಮಾರಿಗೆ ಗಾಲ್ಫ್ ಚೆಂಡು ಮಾಡುವುದು ಎದೆಯ ಬಲ ಬೇಡುವ ಕೆಲಸವಾಗಿತ್ತು. ಹದ ಮಾಡಿದ ಚರ್ಮದ ತುಂಡುಗಳನ್ನು ಸೇರಿಸಿ ಹೊಲಿದು, ಒಳಮೈ ಹೊರಗೆ ಮಗುಚಿ, ಬಿಟ್ಟುಕೊಂಡ ಸಣ್ಣ ತೂತಿನಿಂದ ಬೇಯಿಸಿದ ಹಕ್ಕಿಗರಿಗಳನ್ನು ತುರುಕುತ್ತಿದ್ದರು. ಕೈಬಲ ಸಾಲದಾದಾಗ ಕಬ್ಬಿಣದ ಸಲಾಕೆಯ ಹಿಡಿಯನ್ನು ಎದೆಗೆ ಆನಿಸಿಕೊಂಡು ಮೈಭಾರವನ್ನೆಲ್ಲ ಹಾಕಿ ತಳ್ಳುತ್ತಿದ್ದರು. ಒಂದು ಚೆಂಡಿಗೆ ಒಂದು ದೊಡ್ಡ ಟೋಪಿಯ ತುಂಬ ಗರಿ ಬೇಕು ಎಂಬುದು ಆ ಕಸುಬಿನವರ ಅಳತೆ. ತೂತು ಹೊಲಿದು ಒಣಗಲು ಬಿಟ್ಟಾಗ ಗರಿ ಒಳಗೆ ಅರಳಿ ಹಿಗ್ಗುತ್ತಿತ್ತು, ಚರ್ಮ ಹೊರಗಿನಿಂದ ಕುಗ್ಗುತ್ತಿತ್ತು. ಎರಡೂ ಒಂದನ್ನೊಂದು ಒತ್ತಿ ಚೆಂಡು ಗಟ್ಟಿಯಾದ ಮೇಲೆ ಬಣ್ಣ ಬಳಿಯುತ್ತಿದ್ದರು.

ಇಷ್ಟು ದುಡಿದರೂ ನುರಿತ ಕೈಯಿಂದ ದಿನಕ್ಕೆ ಮೂರೋ ನಾಲ್ಕೋ ಚೆಂಡು ಹೊರಬಂದರೆ ಹೆಚ್ಚು. ಬೆಲೆ ಎರಡೂವರೆ ಶಿಲಿಂಗ್‌ನಿಂದ ಐದು ಶಿಲಿಂಗ್‌ವರೆಗೆ ಹೋಗುತ್ತಿತ್ತು. ಕೂಲಿಯವನ ದಿನದ ಸಂಪಾದನೆಗಿಂತ ಅದು ಹೆಚ್ಚು. ಮಳೆ ಬಂದರೆ ಚರ್ಮ ನೀರು ಕುಡಿದು ಭಾರವಾಗುತ್ತಿತ್ತು, ಹೊಲಿಗೆ ಬಿಡುತ್ತಿತ್ತು. ಕಬ್ಬಿಣದ ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ಅಂಚು ತಾಗಿದರೆ ಸೀಳಿ ಗರಿ ಹೊರಬೀಳುತ್ತಿತ್ತು. ಒಂದೇ ಸುತ್ತಿಗೆ ಹಲವು ಚೆಂಡು ಖರ್ಚಾಗುವ ಆಟವನ್ನು ಮನಸಾರೆ ಆಡಬಲ್ಲವರು ಉಳ್ಳವರಷ್ಟೇ.

ಗಾಲ್ಫ್ ಚರಿತ್ರೆಯನ್ನು ಸಾಮಾನ್ಯವಾಗಿ ಚಾಂಪಿಯನ್ನರ ಹೆಸರುಗಳ ಸಾಲಾಗಿ ಹೇಳುತ್ತಾರೆ. ಆದರೆ ಆಟದ ಸಾಮಾನು, ಹೊಡೆಯುವ ರೀತಿ, ಅಂಕ ಬರೆಯುವ ಪದ್ಧತಿ ಬದಲಾದದ್ದು ಯಾರಿಂದ ಎಂದು ಹುಡುಕಿದರೆ ಬೇರೆಯೇ ಜನ ಎದುರಾಗುತ್ತಾರೆ: ಒಬ್ಬ ವಿದ್ಯಾರ್ಥಿ, ಒಬ್ಬ ವ್ಯಾಪಾರಿ, ಇಬ್ಬರು ದಂತವೈದ್ಯರು, ಒಬ್ಬ ಸರ್ಜನ್, ಇಬ್ಬರು ಎಂಜಿನಿಯರ್‌ಗಳು. ಇವರು ಹೊಟ್ಟೆಪಾಡಿಗೆ ಗಾಲ್ಫ್ ಆಡಿದವರಲ್ಲ. ಆಟ ಅವರಿಗೆ ದುಬಾರಿಯಾಗಿತ್ತು, ಕೈಗೆ ಹತ್ತದೆ ಸತಾಯಿಸುತ್ತಿತ್ತು. ಅದನ್ನು ತಮ್ಮ ಕೈಗೆ ಎಟುಕಿಸಿಕೊಳ್ಳಲು ಅವರು ಹುಡುಕಿದ ದಾರಿಗಳಲ್ಲೇ ಇಂದಿನ ಗಾಲ್ಫ್ ಬೆಳೆದಿದೆ.

ಆಟ ಹಳೆಯದು. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಫುಟ್‌ಬಾಲ್ ಜೊತೆಗೆ ಗಾಲ್ಫನ್ನೂ ನಿಷೇಧಿಸಿತು. ಜನ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಆಟಕ್ಕೆ ಬಿದ್ದಿದ್ದಾರೆ ಎಂಬುದು ಆಳುವವರ ಚಿಂತೆ. 1502ರಲ್ಲಿ ದೊರೆ ನಾಲ್ಕನೆಯ ಜೇಮ್ಸ್ ತಾನೇ ಪರ್ತ್ ಊರಿನ ಬಿಲ್ಲು ಮಾಡುವವನಿಂದ ಗಾಲ್ಫ್ ಕ್ಲಬ್ ಕೊಂಡ. ಆಡುತ್ತಿದ್ದದ್ದು ಬೇಸಾಯಕ್ಕೆ ಒದಗದ ಕಡಲಂಚಿನ ಮರಳು ಹುಲ್ಲುಗಾವಲಿನಲ್ಲಿ. 1744ರಲ್ಲಿ ಎಡಿನ್‌ಬರೊ ಬಳಿಯ ಲೀತ್‌ನ ಆಟಗಾರರು 13 ನಿಯಮಗಳನ್ನು ಬರೆದರು. 1764ರಲ್ಲಿ ಸೇಂಟ್ ಆಂಡ್ರೂಸ್‌ನವರು ತಮ್ಮ 22 ಹೋಲ್‌ಗಳ (ಚೆಂಡು ಬೀಳಿಸಬೇಕಾದ ಗುಳಿಗಳ) ಸುತ್ತನ್ನು 18ಕ್ಕೆ ಇಳಿಸಿದರು. ಜಗತ್ತು ಇಂದಿಗೂ ಆ ಲೆಕ್ಕದಲ್ಲೇ ಆಡುತ್ತಿದೆ. ನಿಯಮ ಬರೆದವರೆಲ್ಲ ಹವ್ಯಾಸಿಗಳು. ಚೆಂಡು, ಕ್ಲಬ್ ಮಾಡಿಕೊಡುವವರು, ಚೀಲ ಹೊರುವ ಕ್ಯಾಡಿಗಳು ಆಮೇಲೆ ವೃತ್ತಿಪರ ಆಟಗಾರರಾದರು.

ಮೊದಲ ದೊಡ್ಡ ತಿರುವು ಏಷ್ಯಾದ ಕಾಡಿನಿಂದ ಬಂತು. ಮಲಯ ಪ್ರದೇಶದ ಗಟ್ಟಾಪರ್ಚಾ ಮರದ ಹಾಲನ್ನು ಹೆಪ್ಪುಗಟ್ಟಿಸಿದರೆ ಸಿಗುವ ವಸ್ತು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಆರಿದಾಗ ಬಿಗಿಯುತ್ತದೆ. ಸಿಂಗಪುರದಲ್ಲಿದ್ದ ಸ್ಕಾಟಿಷ್ ಸರ್ಜನ್ ವಿಲಿಯಂ ಮಾಂಟ್ಗೊಮೆರಿ 1843ರಲ್ಲಿ ಅದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಕೆಲವೇ ವರ್ಷಗಳಲ್ಲಿ ಸೇಂಟ್ ಆಂಡ್ರೂಸ್‌ನ ವಿದ್ಯಾರ್ಥಿ ರಾಬರ್ಟ್ ಆಡಮ್ಸ್ ಪ್ಯಾಟರ್ಸನ್ ಅದರಿಂದ ಚೆಂಡು ಉರುಟಿದ. ಪೂರ್ವದೇಶದಿಂದ ಅವನ ಮನೆಗೆ ಬಂದ ವಿಷ್ಣು ವಿಗ್ರಹಕ್ಕೆ ಪೆಟ್ಟಾಗದಿರಲೆಂದು ಸುತ್ತಲೂ ಗಟ್ಟಾಪರ್ಚಾ ತುಂಬಿದ್ದರು, ಅದನ್ನೇ ಕರಗಿಸಿ ಚೆಂಡು ಮಾಡಿದ ಎಂಬ ಕಥೆ ಗಾಲ್ಫ್ ವಲಯದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕಥೆ ಹೇಗೇ ಇರಲಿ, 1848ರ ಹೊತ್ತಿಗೆ ಹೊಸ ಚೆಂಡು ಮೈದಾನಕ್ಕೆ ಇಳಿದಿತ್ತು. ಬೆಲೆ ಸುಮಾರು ಒಂದು ಶಿಲಿಂಗ್. ಮಳೆಗೆ ಜಗ್ಗುತ್ತಿರಲಿಲ್ಲ. ಒಡೆದರೆ ಬಿಸಿನೀರಿಗೆ ಹಾಕಿ ಮತ್ತೆ ಉರುಟಿಕೊಳ್ಳಬಹುದಿತ್ತು.

ಗರಿಚೆಂಡಿನ ಕಸುಬಿನವರಿಗೆ ಇದು ಅನ್ನಕ್ಕೆ ಬಿದ್ದ ಪೆಟ್ಟು. ಆ ಕಾಲದ ಅತಿ ನಿಪುಣ ಆಟಗಾರನೆಂದು ಹೆಸರಾದ ಆಲನ್ ರಾಬರ್ಟ್‌ಸನ್‌ನ ಮನೆತನ ಪೀಳಿಗೆಗಳಿಂದ ಚೆಂಡು ಹೊಲಿಯುತ್ತಿತ್ತು. ಅವನ ಕೈಕೆಳಗೆ ಕಸುಬು ಕಲಿತ ಟಾಮ್ ಮಾರಿಸ್ ಒಂದು ದಿನ ಆಡುವಾಗ ಚೆಂಡು ಮುಗಿದುಹೋಗಿ, ಜೊತೆಯವರಿಂದ ಗಟ್ಟಾ ಚೆಂಡು ಪಡೆದು ಆಟ ಮುಂದುವರಿಸಿದ. ರಾಬರ್ಟ್‌ಸನ್‌ನ ಕಣ್ಣಿಗೆ ಅದು ಬಿತ್ತು. ಇಬ್ಬರಿಗೂ ಮಾತು ಬೆಳೆದು ಮಾರಿಸ್ ಬೇರೆಯಾದ, 1851ರಲ್ಲಿ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ಗೆ ಹೋದ. ಅಲ್ಲಿ 1860ರಲ್ಲಿ ಎಂಟೇ ಆಟಗಾರರೊಂದಿಗೆ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆಯಿತು; ಮುಂದೆ ಮಾರಿಸ್ ಅದನ್ನು ನಾಲ್ಕು ಸಲ ಗೆದ್ದ. ರಾಬರ್ಟ್‌ಸನ್ ಕೂಡ ಕೊನೆಗೆ ಗಟ್ಟಾ ಚೆಂಡಿಗೇ ಬಂದ. ಸೇಂಟ್ ಆಂಡ್ರೂಸ್ ಮೈದಾನವನ್ನು 80ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದ ಮೊದಲಿಗನೆಂಬ ಹೆಸರು ಅವನಿಗೆ ಬಂದದ್ದು 1858ರಲ್ಲಿ, 79 ಹೊಡೆತಗಳ ಸುತ್ತಿನಿಂದ.

ಗಟ್ಟಾ ಚೆಂಡು ಇನ್ನೊಂದು ಪಾಠವನ್ನೂ ಕಲಿಸಿತು. ನುಣ್ಣನೆಯ ಹೊಸ ಚೆಂಡು ಗಾಳಿಯಲ್ಲಿ ಬೇಗ ಕುಸಿಯುತ್ತಿತ್ತು. ಆಡಿ ಆಡಿ ಕಚ್ಚುಬಿದ್ದದ್ದು ನೇರವಾಗಿ, ದೂರ ಹಾರುತ್ತಿತ್ತು. ಇದನ್ನು ಕಂಡ ಆಟಗಾರರು ಹೊಸ ಚೆಂಡಿನ ಮೈಗೂ ಸುತ್ತಿಗೆಯಿಂದ ಗೀರು ಹಾಕತೊಡಗಿದರು. ಬಳಿಕ ಗೀರುಗಳು ಅಚ್ಚಿನಲ್ಲೇ ಮೂಡಿದವು. 1905ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಟೇಲರ್ ದುಂಡನೆಯ ತಗ್ಗುಗಳ ವಿನ್ಯಾಸಕ್ಕೆ ಪೇಟೆಂಟ್ ಕೋರಿದ. ಈ ತಗ್ಗುಗಳು ಚೆಂಡಿನ ಮೈಗೆ ಅಂಟಿದ ಗಾಳಿಯ ತೆಳುಪದರವನ್ನು ಕದಡುತ್ತವೆ. ಕದಡಿದ ಗಾಳಿ ಚೆಂಡಿನ ಹಿಂಬದಿಯವರೆಗೂ ಅಂಟಿಕೊಂಡು ಹೋಗುವುದರಿಂದ ಹಿಂದಕ್ಕೆ ಎಳೆಯುವ ಸೆಳೆತ ತಗ್ಗುತ್ತದೆ. ಹಿಮ್ಮುಖವಾಗಿ ತಿರುಗುವ ಚೆಂಡಿಗೆ ಮೇಲೆತ್ತುವ ಬಲವೂ ಸಿಗುತ್ತದೆ.

ಚೆಂಡು ಬದಲಾದಾಗ ಕ್ಲಬ್ಬೂ ಸುಮ್ಮನಿರಲಿಲ್ಲ. ಗರಿಚೆಂಡಿನ ಕಾಲದ ಕ್ಲಬ್‌ಗಳು ನೀಳ ಮೂತಿಯ ಮರದವು. ಚೆಂಡು ಸೀಳೀತೆಂಬ ಭಯದಿಂದ ಕಬ್ಬಿಣದ ಕ್ಲಬ್ಬನ್ನು ಗಾಲಿಯ ಜಾಡಿನಂಥ ಇಕ್ಕಟ್ಟಿನಲ್ಲಿ ಮಾತ್ರ ಹೊರಗೆ ತೆಗೆಯುತ್ತಿದ್ದರು. ಗಟ್ಟಾ ಚೆಂಡಿನ ಪೆಟ್ಟಿಗೆ ಆ ತೆಳುಕತ್ತಿನ ಕ್ಲಬ್‌ಗಳು ಮುರಿದವು. ಮರದ ತಲೆ ಗಿಡ್ಡವಾಗಿ, ದಪ್ಪವಾಗಿ ಬಂತು. ಅಮೆರಿಕದ ಹಿಕರಿ ಮರದ ಹಿಡಿಕೋಲು ರೂಢಿಗೆ ಬಂತು. ಕಬ್ಬಿಣದ ಕ್ಲಬ್‌ಗಳು ಚೀಲ ತುಂಬಿದವು. ಆಟದ ರೀತಿಯೂ ಬದಲಾಯಿತು. ಮೈಯನ್ನು ಸುತ್ತುವಂತೆ ಅಡ್ಡಡ್ಡಕ್ಕೆ ಬೀಸುತ್ತಿದ್ದ ಹಳೆಯ ಬೀಸು ಹೋಗಿ, ಎತ್ತರದಿಂದ ಇಳಿಯುವ ಬೀಸು ಬಂತು. ಇದನ್ನು ಜಗತ್ತಿಗೆ ತೋರಿಸಿದವನು ಆರು ಸಲ ಓಪನ್ ಗೆದ್ದ ಹ್ಯಾರಿ ವಾರ್ಡನ್. ಎಡಗೈಯ ತೋರುಬೆರಳಿನ ಮೇಲೆ ಬಲಗೈಯ ಕಿರುಬೆರಳು ಕೂರುವ ಹಿಡಿತಕ್ಕೂ ಅವನದೇ ಹೆಸರು ಅಂಟಿದೆ. ಆದರೆ ಅವನಿಗೆ ಮೊದಲೇ ಆ ಹಿಡಿತದಲ್ಲಿ ಆಡಿ ಗೆದ್ದವನು ಜಾನಿ ಲೇಡ್ಲೇ ಎಂಬ ಸ್ಕಾಟಿಷ್ ಹವ್ಯಾಸಿ.

ಭಾರತಕ್ಕೆ ಗಾಲ್ಫ್ ಗರಿಚೆಂಡಿನ ಕಾಲದಲ್ಲೇ ಬಂದಿತ್ತು. 1829ರಲ್ಲಿ ಸ್ಥಾಪನೆಯಾದ ಇಂದಿನ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಬ್ರಿಟನ್ನಿನ ಹೊರಗೆ ಎಲ್ಲಕ್ಕಿಂತ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ, ಗಟ್ಟಾ ಚೆಂಡಿನ ಯುಗದಲ್ಲಿ. ದಂಡಿನ ಅಧಿಕಾರಿಗಳೂ ಆಡಳಿತಗಾರರೂ ಬಿಡುವಿನ ವೇಳೆಗೆ ಕಟ್ಟಿಕೊಂಡ ಈ ಕ್ಲಬ್‌ಗಳಲ್ಲಿ ಭಾರತೀಯರು ಬಹುಕಾಲ ಕಂಡದ್ದು ಕ್ಯಾಡಿಗಳಾಗಿ, ಹುಲ್ಲು ನೋಡಿಕೊಳ್ಳುವ ಕೆಲಸಗಾರರಾಗಿ. ಕ್ಯಾಡಿ ಕುಟುಂಬಗಳ ಹುಡುಗರು ನೋಡಿ ನೋಡಿಯೇ ಆಟ ಕಲಿತರು.

ಎರಡನೆಯ ತಿರುವಿನ ಊರು ಅಮೆರಿಕದ ಆಕ್ರನ್. 1898ರಲ್ಲಿ ಕ್ಲೀವ್‌ಲೆಂಡ್‌ನ ವ್ಯಾಪಾರಿ ಕೋಬರ್ನ್ ಹ್ಯಾಸ್ಕೆಲ್ ಆಕ್ರನ್‌ನ ಗುಡ್‌ರಿಚ್ ರಬ್ಬರ್ ಕಾರ್ಖಾನೆಯ ಬರ್ಟ್ರಮ್ ವರ್ಕ್ ಜೊತೆಗೂಡಿ ರಬ್ಬರ್ ಎಳೆಯನ್ನು ಬಿಗಿಯಾಗಿ ಸುತ್ತಿ, ಮೇಲೆ ಗಟ್ಟಾಪರ್ಚಾ ಹೊದಿಸಿದ ಚೆಂಡನ್ನು ರೂಪಿಸಿದ. ಅದು ಗಟ್ಟಾ ಚೆಂಡಿಗಿಂತ ದುಬಾರಿ. ಆದರೂ ಸಾಮಾನ್ಯ ಆಟಗಾರರು ಅದಕ್ಕೆ ಮುಗಿಬಿದ್ದರು, ಏಕೆಂದರೆ ಸರಿಯಾಗಿ ತಾಗದ ಹೊಡೆತವೂ ಒಂದಿಷ್ಟು ದೂರ ಹೋಗುತ್ತಿತ್ತು, ಪೆಟ್ಟಿಗೆ ಕೈ ಜುಮ್ಮೆನ್ನುತ್ತಿರಲಿಲ್ಲ. ಪುಟಿಯುವ ಈ ಚೆಂಡನ್ನು ಗ್ರೀನ್ (ಗುಳಿಯ ಸುತ್ತಲ ನುಣುಪು ಹುಲ್ಲುನೆಲ) ಮೇಲೆ ಅಂಕೆಯಲ್ಲಿಡುವುದು ಕಷ್ಟವೆಂದು ಹಲವು ವೃತ್ತಿಪರರು ದೂರವಿಟ್ಟಿದ್ದರು. 1902ರ ಓಪನ್‌ಗೆ ಮೊದಲು ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ಹವ್ಯಾಸಿ ಜಾನ್ ಬಾಲ್ ಅದರಿಂದ ಆಡುವುದನ್ನು ಕಂಡ ವೃತ್ತಿಪರ ಸ್ಯಾಂಡಿ ಹರ್ಡ್ ಒಂದು ಚೆಂಡು ಕೇಳಿ ಪಡೆದ, ಮನಸ್ಸು ಬದಲಿಸಿದ, ಒಂದು ಹೊಡೆತದ ಅಂತರದಲ್ಲಿ ಓಪನ್ ಗೆದ್ದ. ಗಟ್ಟಾ ಚೆಂಡಿನ ಕಾಲ ಅಲ್ಲಿಗೆ ಮುಗಿಯಿತು. ಚೆಂಡನ್ನು ಕೊಟ್ಟ ಜಾನ್ ಬಾಲ್ ಸಾಮಾನ್ಯನಲ್ಲ. 1890ರಲ್ಲಿ ಓಪನ್ ಗೆದ್ದ ಮೊದಲ ಹವ್ಯಾಸಿ ಅವನು.

ಗೆದ್ದ ಹವ್ಯಾಸಿಗಳ ಸಾಲಿನಲ್ಲಿ ಫ್ರಾನ್ಸಿಸ್ ವಿಮೆಟ್‌ನ ಕಥೆ ಜನಮನಕ್ಕೆ ಹತ್ತಿರವಾದದ್ದು. ಬಾಸ್ಟನ್ ಬಳಿಯ ಬ್ರೂಕ್‌ಲೈನ್ ಮೈದಾನದ ಎದುರು ರಸ್ತೆಯಲ್ಲೇ ಅವನ ಮನೆ, ಅಲ್ಲೇ ಕ್ಯಾಡಿಯಾಗಿದ್ದವನು. 1913ರ ಅಮೆರಿಕನ್ ಓಪನ್‌ನಲ್ಲಿ, ತನ್ನ ಇಪ್ಪತ್ತನೇ ವಯಸ್ಸಿನಲ್ಲಿ, ವೃತ್ತಿಪರರಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿದ. ಚೀಲ ಹೊತ್ತದ್ದು ಹತ್ತು ವರ್ಷದ ಎಡ್ಡಿ ಲೋರಿ. ಮುಂದೆ ವಕೀಲ ಬಾಬಿ ಜೋನ್ಸ್ 1930ರಲ್ಲಿ ಬ್ರಿಟನ್, ಅಮೆರಿಕಗಳ ಓಪನ್ ಮತ್ತು ಹವ್ಯಾಸಿಗಳ ಅಮೆಚೂರ್, ಹೀಗೆ ನಾಲ್ಕೂ ಪ್ರಶಸ್ತಿಗಳನ್ನು ಹಿಕರಿ ಹಿಡಿಕೋಲಿನ ಕ್ಲಬ್‌ಗಳಿಂದಲೇ ಗೆದ್ದು 28ನೇ ವಯಸ್ಸಿಗೆ ಸ್ಪರ್ಧೆಯಿಂದ ನಿವೃತ್ತನಾದ. ನಮ್ಮಲ್ಲಿ ಪಿ.ಜಿ. ಸೇಠಿ 1965ರ ಇಂಡಿಯನ್ ಓಪನ್ ಗೆದ್ದಾಗ ಹವ್ಯಾಸಿಯೇ.

ಆದರೆ ವಾರಕ್ಕೊಮ್ಮೆ ಗೆಳೆಯರೊಡನೆ ಆಡುವವರಿಗೆ ಪ್ರಶಸ್ತಿಗಿಂತ ಹೆಚ್ಚು ಒದಗಿದವರು ಬೇರೆ. ಹಿಂದೆ ಪ್ರತಿ ಹೋಲ್ ಆರಂಭದಲ್ಲೂ ಒದ್ದೆ ಮರಳನ್ನು ಚಿಟಿಕೆ ಗುಡ್ಡೆ ಮಾಡಿ ಚೆಂಡು ಇಡಬೇಕಿತ್ತು. ಹಾರ್ವರ್ಡ್‌ನಲ್ಲಿ ಕಲಿಸಿದ್ದ ಆಫ್ರಿಕನ್-ಅಮೆರಿಕನ್ ದಂತವೈದ್ಯ ಜಾರ್ಜ್ ಗ್ರಾಂಟ್ 1899ರಲ್ಲಿ ಚೆಂಡು ಕೂರಿಸುವ ಮರದ ಮೊಳೆಗೆ, ಅಂದರೆ ಟೀಗೆ, ಪೇಟೆಂಟ್ ಪಡೆದು, ಮಾರಾಟಕ್ಕಿಳಿಯದೆ ಗೆಳೆಯರಿಗೆ ಹಂಚಿದರು. 1920ರ ದಶಕದಲ್ಲಿ ಇನ್ನೊಬ್ಬ ದಂತವೈದ್ಯ ವಿಲಿಯಂ ಲೋವೆಲ್ ಅಂಥದೇ ಟೀಯನ್ನು ಮಾರುಕಟ್ಟೆಗೆ ತಂದ ಮೇಲೆ ಮರಳಿನ ಗುಡ್ಡೆ ಮಾಯವಾಯಿತು. ಇಂಗ್ಲೆಂಡಿನ ಸರ್ಜನ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಕಂಡ ಸಮಸ್ಯೆ ಇನ್ನೊಂದು: ಗಾಳಿ ಬೀಸುವ ದಿನ ಒಂದೆರಡು ಹೋಲ್ ಕೆಟ್ಟರೆ ಆಟಗಾರರು ಮನಸ್ಸು ಮುರಿದು ಆಟ ಬಿಟ್ಟೇ ಹೋಗುತ್ತಿದ್ದರು. ಅವನ ಪದ್ಧತಿಯಲ್ಲಿ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕ ರಿಯಾಯಿತಿ ಹೊಡೆತಗಳು) ಕಳೆದ ಮೇಲೆ ಪ್ರತಿ ಹೋಲ್‌ಗೂ ಅಂಕ: ಪಾರ್‌ಗೆ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗೆ) 2, ಒಂದು ಹೊಡೆತ ಹೆಚ್ಚಾದರೆ 1, ಕಡಿಮೆಯಾದರೆ 3. ಇನ್ನೂ ಕೆಟ್ಟರೆ ಸೊನ್ನೆ, ಅದಕ್ಕಿಂತ ನಷ್ಟವಿಲ್ಲ. ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ಹೋಗಬಹುದು. 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಬಳಕೆಗೆ ಬಂದ ಈ ಪದ್ಧತಿ ಇಂದು ಭಾರತದ ಕ್ಲಬ್‌ಗಳ ವಾರಾಂತ್ಯದ ಪಂದ್ಯಗಳಲ್ಲೂ ಉಂಟು.

ಕ್ಲಬ್ಬಿನ ಬದಲಾವಣೆಯೂ ನಿಲ್ಲಲಿಲ್ಲ. ಉಕ್ಕಿನ ಹಿಡಿಕೋಲಿಗೆ ಅಮೆರಿಕದ ನಿಯಮ ಸಂಸ್ಥೆ 1920ರ ದಶಕದ ನಡುವೆ, ಸೇಂಟ್ ಆಂಡ್ರೂಸ್‌ನ ನಿಯಮ ಸಂಸ್ಥೆ 1929ರಲ್ಲಿ ಒಪ್ಪಿಗೆ ಕೊಟ್ಟವು. ಹಿಕರಿ ಕೋಲು ಬೀಸಿನಲ್ಲಿ ತಿರುಚಿಕೊಳ್ಳುತ್ತಿತ್ತು, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಉಕ್ಕಿನದು ತಿರುಚಿಕೊಳ್ಳುವುದು ಕಡಿಮೆ, ಎಲ್ಲವೂ ಒಂದೇ ಹದ. ಕ್ಲಬ್‌ಗಳ ಸಂಖ್ಯೆ ಚೀಲ ಮೀರಿದಾಗ 1930ರ ದಶಕದ ಕೊನೆಗೆ 14ರ ಮಿತಿ ಬಂತು. ಸಾಮಾನ್ಯ ಆಟಗಾರನಿಗೆ ಇನ್ನೂ ದೊಡ್ಡ ಉಪಕಾರ ಮಾಡಿದವನು ನಲವತ್ತು ದಾಟಿದ ಮೇಲೆ ಆಟ ಹಿಡಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್. ಪಟ್ ಮಾಡುವಾಗ, ಅಂದರೆ ಗ್ರೀನ್ ಮೇಲೆ ಗುಳಿಯತ್ತ ಉರುಳಿಸುವಾಗ, ಚೆಂಡು ಗುರಿ ತಪ್ಪುತ್ತಿದ್ದದ್ದರ ಕಾರಣವನ್ನು ಅವನು ಕ್ಲಬ್ಬಿನಲ್ಲಿ ಹುಡುಕಿದ. ತಲೆಯ ತೂಕ ನಡುವೆ ಗುಂಪಾಗಿದ್ದರೆ ಚೆಂಡು ಅಂಚಿಗೆ ತಾಗಿದೊಡನೆ ತಲೆ ತಿರುಗಿಬಿಡುತ್ತದೆ. ತೂಕವನ್ನು ಎರಡೂ ತುದಿಗೆ ಸರಿಸಿದರೆ ತಿರುಗುವುದು ಕಡಿಮೆ. 1959ರಲ್ಲಿ ಅವನ ಮೊದಲ ಪಿಂಗ್ ಪಟರ್ ಬಂತು. ಅದೇ ಲೆಕ್ಕ ಕಬ್ಬಿಣದ ಕ್ಲಬ್‌ಗಳಿಗೂ, 1979ರಿಂದ ಮಾರುಕಟ್ಟೆಗೆ ಬಂದ ಲೋಹದ ತಲೆಯ ಡ್ರೈವರ್‌ಗಳಿಗೂ ಹಬ್ಬಿತು. ಇಂದು ಅಂಗಡಿಯಲ್ಲಿ ಕ್ಲಬ್ ಆರಿಸುವ ಹವ್ಯಾಸಿ, ತಪ್ಪು ಹೊಡೆತವನ್ನೂ ಇದು ತಾಳಿಕೊಳ್ಳುತ್ತದೆಯೇ ಎಂದು ಕೇಳುವಾಗ ಸೋಲ್‌ಹೈಮ್‌ನ ಪ್ರಶ್ನೆಯನ್ನೇ ಕೇಳುತ್ತಿರುತ್ತಾನೆ.

ಕರ್ನಾಟಕದಲ್ಲಿ ಈ ಆಟ ಅಧಿಕಾರಿಗಳ ಬೇಲಿ ದಾಟಿ ಬಂದದ್ದಕ್ಕೆ ಎರಡು ಉದಾಹರಣೆ ಸಾಕು. ಬಿಡದಿ ಬಳಿಯ ಮೈದಾನದ ನೆರೆಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಅಲ್ಲೇ ಕ್ಲಬ್ ಹಿಡಿಯಲು ಕಲಿತು ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ ಬಾಲ್ಯದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಟ ಶುರುಮಾಡಿದಾಗ ಮನೆಯಲ್ಲಿ ಗಾಲ್ಫ್ ಹಿನ್ನೆಲೆಯೇ ಇರಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಚೀಲ ಹೊತ್ತವರು ತಾಯಿ.

ಚೆಂಡಿನ ವಾದ ಮುಗಿದಿಲ್ಲ. ಇಂದು ಚೆಂಡು 45.93 ಗ್ರಾಂ ತೂಕ ಮೀರಬಾರದು, ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ವೃತ್ತಿಪರರ ಹೊಡೆತ ತೀರ ದೂರ ಹೋಗಿ ಹಳೆಯ ಮೈದಾನಗಳು ಸಾಲದಾಗುತ್ತಿವೆ ಎಂಬ ಕಾರಣಕ್ಕೆ, ಹಾರುವ ದೂರದ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ಗಾಲ್ಫ್‌ನ ಎರಡು ನಿಯಮ ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಬಲವಾಗಿ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಗಜ, ಬಿಡುವಿನ ಆಟಗಾರರಿಗೆ 5 ಗಜ ಅಥವಾ ಅದಕ್ಕೂ ಕಡಿಮೆ ನಷ್ಟವೆಂಬುದು ಅವುಗಳ ಅಂದಾಜು. ಮೈದಾನ ಹಿಗ್ಗಿಸುವ ಖರ್ಚು, ನೀರು, ನೆಲದ ಲೆಕ್ಕ ನೋಡಿದರೆ ಈ ಆಲೋಚನೆಗೆ ಬಲವಿದೆ. ಆದರೆ ಭಾನುವಾರ ಬೆಳಗ್ಗೆ ಆಡುವವನ ಹೊಡೆತದಿಂದ ಯಾವ ಮೈದಾನವೂ ಕಿರಿದಾಗಿಲ್ಲ. ಈ ಆಟಕ್ಕೆ ನಿಯಮ, ಚೆಂಡು, ಟೀ, ಅಂಕಪದ್ಧತಿ ಎಲ್ಲವನ್ನೂ ಕೊಟ್ಟ ವರ್ಗ ಅವನದು. ಹೊಸ ಚೆಂಡಿನ ಹದ ನಿರ್ಧರಿಸುವ ಮೇಜಿನ ಸುತ್ತ ಅವನಿಗೂ ಕುರ್ಚಿ ಇರಬೇಕು.